ಖಾನಾವಳಿಗೆ ಬಂದ ಅಕ್ಕೋರು

ಫ್ಲೋರೆನ್ಸ್ ಅಕ್ಕೋರು ಹುಟ್ಟಿದ್ದು, ಓದಿದ್ದು, ಶಾಲೆಯಲ್ಲಿ ಕಲಿಸಿದ್ದು, ನಿವೃತ್ತಿಯಾದದ್ದು ಎಲ್ಲವೂ ಧಾರವಾಡದಲ್ಲೇ. ಆದರೂ ಅರವತ್ತು ದಾಟುವವರೆಗೆ ಆ ಊರಿನ ಒಂದು ಹೊಟೆಲ್ಲಿನ ಊಟವನ್ನೂ ಅವರು ಉಂಡವರಲ್ಲ. ಹೇಳಿದರೆ ಯಾರೂ ನಂಬುತ್ತಿರಲಿಲ್ಲ. ಏಕೆಂದರೆ ಧಾರವಾಡವೆಂದರೆ ಅರ್ಧ ಊರು ಹೊರಗೆ ಉಣ್ಣುವ ಊರು. ಯುನಿವರ್ಸಿಟಿಗೆ ಓದಲು ಬಂದ ಹುಡುಗರು, ಪರೀಕ್ಷೆಗೆ ತಯಾರಿ ನಡೆಸಲು ರೂಮು ಹಿಡಿದವರು, ಕೋರ್ಟಿನ ಕೆಲಸಕ್ಕೆ ಬಂದವರು, ಪೇಡೆ ಕೊಂಡು ಊರು ನೋಡಿ ಹೋಗೋಣವೆಂದು ಇಳಿದ ಪ್ರವಾಸಿಗಳು, ಹೀಗೆ ಮಧ್ಯಾಹ್ನವಾದರೆ ಎಲ್ಲರಿಗೂ ಹಸಿವೆ. ಯಾವ ಗಲ್ಲಿ ಹೊಕ್ಕರೂ ರೊಟ್ಟಿ ಬಡಿಯುವ ಸಪ್ಪಳ ಕೇಳಿಸುತ್ತದೆ. ಆ ಸಪ್ಪಳ ಕೇಳುತ್ತ ಅಕ್ಕೋರು ಕೊಡೆ ಹಿಡಿದು ಮನೆಗೆ ನಡೆಯುತ್ತಿದ್ದರು. ಮನೆಯಲ್ಲಿ ಬೆಂಜಮಿನ್ ಅವರಿಗಾಗಿ ತಾಟು ಹಾಕಿ ಕಾಯುತ್ತಿದ್ದ.

ಬೆಂಜಮಿನ್ ಅಕ್ಕೋರ ಅಣ್ಣ. ತಾಯಿ ತೀರಿಕೊಂಡಾಗ ಅವನಿನ್ನೂ ಮೀಸೆ ಚಿಗುರದ ಹುಡುಗ, ತಂಗಿ ಪ್ರಾಥಮಿಕ ಶಾಲೆಯಲ್ಲಿದ್ದಳು, ತಮ್ಮ ಪ್ರೇಮ್ ಇನ್ನೂ ಚಿಕ್ಕವನು. ಒಲೆಯ ಮುಂದೆ ಕುಳಿತು ಅಳುತ್ತಿದ್ದ ತಂಗಿಯನ್ನು ಎಬ್ಬಿಸಿ, "ನೀ ಓದು. ಒಲಿ ನನಗ ಬಿಡು," ಎಂದು ಸೌಟು ಹಿಡಿದವನು ಮತ್ತೆ ಕೆಳಗಿಡಲಿಲ್ಲ. ಮುಂದೆ ಹುಡುಗರ ಹಾಸ್ಟೆಲೊಂದರಲ್ಲಿ ಅಡಿಗೆಯವನಾದ. ಅಲ್ಲಿ ನೂರು ಹುಡುಗರಿಗೆ ಬೇಯಿಸಿಟ್ಟು, ಮನೆಗೆ ಬಂದು ತಂಗಿಗೆ ಬೇರೆ ಒಗ್ಗರಣೆ ಹಾಕುತ್ತಿದ್ದ. ಮದುವೆಯ ಮಾತು ಅವನಿಗೂ ಬಂದಿತ್ತು, ಅವರಿಗೂ ಬಂದಿತ್ತು. ಇಬ್ಬರೂ ಒಬ್ಬರನ್ನೊಬ್ಬರು ನೋಡಿ ಮುಂದೂಡುತ್ತ ಹೋದರು. ಮುಂದೂಡಿದ್ದು ಹಾಗೇ ಉಳಿಯಿತು. ಪ್ರೇಮ್ ಮಾತ್ರ ಮದುವೆಯಾಗಿ ಹುಬ್ಬಳ್ಳಿಗೆ ಹೋದ.

ಹೊಟೆಲ್ಲಿನ ಊಟವೆಂದರೆ ಬೆಂಜಮಿನ್‌ನಿಗೆ ಆಗುತ್ತಿರಲಿಲ್ಲ. "ಹೊಟೆಲ್‌ನ್ಯಾಗ ನೀಡಾವನಿಗೆ ಉಣ್ಣವರ ಮಾರಿ ನೆನಪಿರೂದಿಲ್ಲ. ಅಂಥಾ ಕೂಳು ಯಾಕ ಉಣ್ಣಬೇಕು?" ಎನ್ನುತ್ತಿದ್ದ. ಶಾಲೆಯವರು ಸೇರಿ ಹೊರಗೆ ಊಟಕ್ಕೆ ಹೊರಟರೆ ಅಕ್ಕೋರ ಕೈಗೆ ಡಬ್ಬಿ ಕೊಟ್ಟು ಕಳಿಸುತ್ತಿದ್ದ. ಉಳಿದವರು ದೋಸೆ ತರಿಸಿಕೊಂಡರೆ ಅಕ್ಕೋರು ಅದೇ ಮೇಜಿನ ತುದಿಯಲ್ಲಿ ಡಬ್ಬಿ ಬಿಚ್ಚುತ್ತಿದ್ದರು. ನಾಚಿಕೆಯಾಗುತ್ತಿತ್ತು. ಆದರೆ ಡಬ್ಬಿಯ ಪಲ್ಯಕ್ಕೆ ಕೈಚಾಚದ ಅಕ್ಕೋರು ಯಾರೂ ಇರಲಿಲ್ಲವಾದ್ದರಿಂದ ಹೆಮ್ಮೆಯೂ ಆಗುತ್ತಿತ್ತು.

ಒಂದು ಬೇಸಿಗೆಯಲ್ಲಿ ಬೆಂಜಮಿನ್ ಮಲಗಿದವನು ಬೆಳಿಗ್ಗೆ ಏಳಲಿಲ್ಲ.

ಮಣ್ಣು ಮಾಡಿ ಬಂದ ಮೇಲೆ ಕೆಲವು ವಾರ ಚರ್ಚಿನ ಸಭೆಯ ಹೆಂಗಸರು ಸರದಿಯ ಮೇಲೆ ಡಬ್ಬಿ ತಂದುಕೊಟ್ಟರು. ಅವರಿಗೂ ಮನೆ, ಮಕ್ಕಳು ಇದ್ದವು. ಒಂದೊಂದೇ ಡಬ್ಬಿ ನಿಂತಿತು. ಅಕ್ಕೋರು ಸೀರೆ ಸೆರಗು ಸಿಕ್ಕಿಸಿ ಒಲೆಯ ಮುಂದೆ ನಿಂತರು. ಅನ್ನ ತಳ ಹಿಡಿಯಿತು, ಸಾರು ನೀರಾಯಿತು, ಕುಕ್ಕರಿನ ಸೀಟಿಗೆ ಹೆದರಿ ಅವರು ಅಂಗಳಕ್ಕೆ ಬಂದು ನಿಂತರು. ಭಾಗಾಕಾರ ತಲೆಗೆ ಹೋಗದ ಮಕ್ಕಳಿಗೆ ತಾಳ್ಮೆಯಿಂದ ಹೇಳಿಕೊಟ್ಟ ಹೆಂಗಸಿಗೆ ತನ್ನ ಮೇಲೆ ಆ ತಾಳ್ಮೆ ಬರಲಿಲ್ಲ. ಬ್ರೆಡ್ಡು, ಹಾಲು, ಬಾಳೆಹಣ್ಣು ಎಂದು ದಿನ ಕಳೆದರು. ಕುಪ್ಪಸ ಸಡಿಲಾಯಿತು.

ಪ್ರೇಮ್‌ನ ಮಗಳು ಏಂಜೆಲ್ ಹುಬ್ಬಳ್ಳಿಯ ನವನಗರದಲ್ಲಿದ್ದಳು. ಬ್ಯಾಂಕಿನಲ್ಲಿ ಕೆಲಸ. ಗಂಡ ಬೆನ್ನಿಯೂ ನೌಕರಿಯವನೇ. ತಂದೆ ತಾಯಿ ಇಬ್ಬರೂ ಇಲ್ಲದ ಆಕೆಗೆ ಇದ್ದ ಹಿರಿಯರೆಂದರೆ ಈ ಅತ್ತೆ ಒಬ್ಬರೇ. ಭಾನುವಾರ ಬಂದಾಗ ಒಂದೇ ಮಾತು.

"ಅತ್ತಿ, ನಮ್ಮನಿಗಿ ಬಂದಬಿಡು. ನಿನ್ನ ಖೋಲಿಗೆ ಪಡದಿ ಸುದ್ದಾ ಹಾಕಿಸೇನಿ. ಇಲ್ಲಿ ನಿನಗ ಯಾರು ಮಾಡಿ ಹಾಕ್ತಾರ?"

ಅಕ್ಕೋರಿಗೆ ಏಂಜೆಲ್ ಮೇಲೆ ಜೀವ. ಆದರೆ ನವನಗರದ ಆ ಮನೆಯವರೆಲ್ಲ ಬೆಳಿಗ್ಗೆ ಹೊರಬಿದ್ದರೆ ಮರಳುವುದು ದೀಪ ಹಚ್ಚುವ ಹೊತ್ತಿಗೆ. ಇಲ್ಲಿ ಬುಧವಾರ ಚರ್ಚಿನಲ್ಲಿ ಹಾಡಿನ ಅಭ್ಯಾಸವಿತ್ತು. ಮಾರುಕಟ್ಟೆಗೆ ಹೋದರೆ ತರಕಾರಿಯವಳಿಂದ ಹಿಡಿದು ರಿಕ್ಷಾದವನವರೆಗೆ, "ಅಕ್ಕೋರ, ಆರಾಮ ಅದೀರೇನ್ರಿ?" ಎನ್ನುವವರಿದ್ದರು. ಊಟ ಒಂದಿದ್ದರೆ ಉಳಿದದ್ದೆಲ್ಲ ಇತ್ತು.

ಹೀಗಿರುವಾಗ ಒಂದು ಮಧ್ಯಾಹ್ನ ಬ್ರೆಡ್ಡಿನ ಪೊಟ್ಟಣ ಹಿಡಿದು ಬರುತ್ತಿದ್ದವರ ಮೂಗಿಗೆ ಬದನೆಕಾಯಿ ಎಣ್ಣೆಗಾಯಿಯ ವಾಸನೆ ಬಡಿಯಿತು. ಶೇಂಗಾ, ಗುರೆಳ್ಳು, ಹುರಿದ ಖಾರ. ಕಾಲು ತಾನಾಗಿ ನಿಂತಿತು. ಎದುರಿಗೆ ಒಂದು ಖಾನಾವಳಿ. ಎಷ್ಟು ವರ್ಷಗಳಿಂದ ಅದರ ಮುಂದೆ ಹಾದುಹೋಗಿದ್ದರೋ. ಅಕ್ಕೋರು ಬ್ರೆಡ್ಡನ್ನು ಚೀಲದ ತಳಕ್ಕೆ ತುರುಕಿ ಮೆಟ್ಟಿಲು ಹತ್ತಿದರು.

ಒಳಗೆ ಬೆಂಚಿನ ತುಂಬ ಗಂಡಸರು. ಹೆಚ್ಚಿನವರು ಹುಡುಗರು. ಬೆನ್ನಿನ ಚೀಲಗಳನ್ನು ಕಾಲ ಬಳಿ ಇಟ್ಟುಕೊಂಡ ಇಬ್ಬರು ಪ್ರವಾಸಿಗಳು. ಎಲ್ಲರ ತಲೆಗಳೂ ಒಮ್ಮೆ ಎದ್ದವು. ಗಲ್ಲಾಪೆಟ್ಟಿಗೆಯ ಹತ್ತಿರ ನಿಂತಿದ್ದ ನಡುವಯಸ್ಸಿನ ಹೆಂಗಸು ಕೈಯ ಹಿಟ್ಟು ಒರಸಿಕೊಳ್ಳುತ್ತ ಮುಂದೆ ಬಂದಳು. ಕೊಡೆ, ಕೊರಳಿಗೆ ತೂಗುಬಿಟ್ಟ ಕನ್ನಡಕ, ನೆರಿಗೆ ಕೆಡದ ಹತ್ತಿಯ ಸೀರೆ. ಬಂದವರು ಶಾಲೆಯ ಅಕ್ಕೋರೆಂದು ಕೇಳಿ ತಿಳಿಯಬೇಕಾಗಿರಲಿಲ್ಲ.

"ಪಾರ್ಸಲ್ಲೇನ್ರಿ ಅಕ್ಕೋರ?"

"ಅಲ್ಲವಾ. ಇಲ್ಲೇ ಕುಂತು ಉಣ್ಣಬೇಕಂತೀನಿ."

"ಒಬ್ಬರ ಏನ್ರಿ?"

"ಒಬ್ಬಾಕಿನ."

ಆಕೆ ಬೆಂಚಿನ ಗಂಡಸರ ಕಡೆ ನೋಡಿದಳು. "ಹಂಗಾರ ಒಳಗ ಬರ್ರಿ. ಹೆಣ್ಮಕ್ಕಳು ಒಳಗ ಕುಂದರ್ತಾರ."

ಒಳಗೆ ಎಂದರೆ ಅಡಿಗೆಮನೆಗೆ ಹೋಗುವ ಸಂದಿ. ಒಂದು ಕಡೆ ಜೋಳದ ಚೀಲ, ಇನ್ನೊಂದು ಕಡೆ ಗ್ಯಾಸಿನ ಸಿಲಿಂಡರು, ನಡುವೆ ಒಂದು ಸ್ಟೂಲು. ತಾಟು ಬಂತು. ಹಂಚಿನಿಂದ ಇಳಿದ ಬಿಸಿ ರೊಟ್ಟಿ, ಎಣ್ಣೆಗಾಯಿ, ಮಡಕಿಕಾಳಿನ ಪಲ್ಯ, ಹಸಿ ಉಳ್ಳಾಗಡ್ಡಿ, ಮೇಲೆ ಚಟ್ನಿಪುಡಿಗೆ ಮೊಸರು. ಅಕ್ಕೋರು ಕಣ್ಣು ಮುಚ್ಚಿ ಪ್ರಾರ್ಥನೆ ಮಾಡಿ ಮೊದಲ ತುತ್ತು ಬಾಯಿಗಿಟ್ಟರು. ಎರಡನೆಯ ತುತ್ತಿಗೆ ಕೈ ತಡೆಯಿತು. ಬದನೆಕಾಯಿ ಬೆಂಜಮಿನ್ ಮಾಡುತ್ತಿದ್ದುದಕ್ಕಿಂತ ಚೆನ್ನಾಗಿತ್ತು. ಕದ್ದು ಸಿಕ್ಕಿಬಿದ್ದವರಂತೆ ಅಕ್ಕೋರು ಆಚೆ ಈಚೆ ನೋಡಿದರು. 'ಅಣ್ಣಾ, ಸಿಟ್ಟಾಗಬ್ಯಾಡ. ಆಕಿ ನಿನಗಿಂತ ಛಲೋ ಮಾಡ್ಯಾಳ,' ಎಂದು ಮನಸ್ಸಿನಲ್ಲೇ ಹೇಳಿ ಇನ್ನೊಂದು ರೊಟ್ಟಿ ಹಾಕಿಸಿಕೊಂಡರು.

ಆಕೆಯ ಹೆಸರು ರೇಣವ್ವ. ಹುಬ್ಬಳ್ಳಿ ಹತ್ತಿರದ ಶಿರಗುಪ್ಪಿ ಎಂಬ ಹಳ್ಳಿಯವಳು. ಗಂಡ ಮೈಲಾರಪ್ಪ ಹುಬ್ಬಳ್ಳಿಯ ಗೋಕುಲ ರಸ್ತೆಯ ಒಂದು ಕಾರಖಾನೆಯಲ್ಲಿ ದುಡಿಯುತ್ತಿದ್ದ. ಅದು ಬಾಗಿಲು ಹಾಕಿದಾಗ, "ನನಗ ರೊಟ್ಟಿ ಬಡಿಯಾಕ ಬರತೈತಿ, ನಿಮಗ ಸಂತಿ ಮಾಡಾಕ ಬರತೈತಿ. ಇನ್ನೇನು ಬೇಕು?" ಎಂದು ಗಂಡನನ್ನು ಎಬ್ಬಿಸಿಕೊಂಡು ಧಾರವಾಡಕ್ಕೆ ಬಂದವಳು ಅವಳೇ. ಮೈಲಾರಪ್ಪ ಮಾತು ಕಡಿಮೆಯ ಮನುಷ್ಯ. ಕಾಯಿಪಲ್ಲೆ ತರುವುದು, ಹೆಚ್ಚುವುದು, ತಾಟು ತೊಳೆಯುವುದು ಅವನದು. ಪಲ್ಯ ಬೇಯಿಸುವುದು, ರೊಟ್ಟಿ ಬಡಿಯುವುದು, ನೀಡುವುದು, ಬಂದವರನ್ನು ಮಾತಾಡಿಸುವುದು ಅವಳದು.

ಮರುದಿನವೂ ಅಕ್ಕೋರು ಹೋದರು. ಮತ್ತೆ ಮರುದಿನವೂ. ಒಂದು ವಾರ ಕಳೆದ ಮೇಲೆ ಸಂದಿಯ ಸ್ಟೂಲಿನ ಹತ್ತಿರ ಹೋದವರು ಮರಳಿ ಬಂದರು.

"ರೇಣವ್ವಾ, ನಾ ಇವತ್ತ ಹೊರಗ ಕುಂದರ್ತೀನಿ. ಅಲ್ಲಿ ಸೆಕಿ ಭಾಳ ಅದ."

"ಹೊರಗ ಹುಡುಗೂರು ಇರ್ತಾರ್ರಿ ಅಕ್ಕೋರ."

"ಇರಲಿ ಬಿಡು. ಇಷ್ಟು ವರ್ಷ ಅವರ ನಡುವನ ಕುಂತೀನಿ."

ಕಿಟಕಿಯ ಪಕ್ಕದ ಮೇಜು ಹಿಡಿದು ಕುಳಿತೇಬಿಟ್ಟರು. ಅವತ್ತು ಹುಡುಗರ ಗದ್ದಲ ಅರ್ಧಕ್ಕೆ ಇಳಿಯಿತು. ಮೊಬೈಲಿನಲ್ಲಿ ಹಾಡು ಹಚ್ಚಿದ್ದವನು ತಾನೇ ಬಂದ್ ಮಾಡಿದ. ಅನ್ನ ಬಿಟ್ಟು ಏಳಹೊರಟವನಿಗೆ ಅಕ್ಕೋರು ತಲೆ ಎತ್ತದೆ, "ತಾಟಿನ್ಯಾಗ ಬಿಡಬಾರದಪಾ," ಎಂದರು. ಅವನು ಮತ್ತೆ ಕುಳಿತು ಮುಗಿಸಿದ. ಬಾಗಿಲಲ್ಲಿ ನಿಂತು ನೋಡುತ್ತಿದ್ದ ರೇಣವ್ವ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು.

ಆಮೇಲೆ ಆದದ್ದನ್ನು ಅಕ್ಕೋರು ಎಣಿಸಿರಲಿಲ್ಲ. ಭುವನೇಶ್ವರಿ ಎಂಬ ಹುಡುಗಿ ಯುನಿವರ್ಸಿಟಿಯಲ್ಲಿ ಸಂಶೋಧನೆ ಮಾಡುತ್ತಿದ್ದಳು. ದಿನವೂ ಪಾರ್ಸಲ್ ಕಟ್ಟಿಸಿಕೊಂಡು ಹೋಗಿ ರೂಮಿನಲ್ಲಿ ಆರಿದ ರೊಟ್ಟಿ ತಿನ್ನುವವಳು. ಕಿಟಕಿಯ ಪಕ್ಕದಲ್ಲಿ ಅಕ್ಕೋರನ್ನು ಕಂಡು ಒಂದು ದಿನ ಹತ್ತಿರ ಬಂದಳು.

"ನಾನೂ ಇಲ್ಲೇ ಕುಂದರ್ಲೇನ್ರಿ?"

"ಕುಂದರವಾ. ರೊಟ್ಟಿ ಬಿಸಿ ಇದ್ದಾಗನ ತಿನ್ನಬೇಕು."

ಮರುವಾರ ಅವಳ ಜೊತೆ ಇನ್ನಿಬ್ಬರು. ಆಮೇಲೆ ಲೇಡೀಸ್ ಹಾಸ್ಟೆಲ್ಲಿನ ಒಂದು ಗುಂಪು. ಸಂದಿಯ ಸ್ಟೂಲಿನ ಮೇಲೆ ಮೈಲಾರಪ್ಪ ಉಳ್ಳಾಗಡ್ಡಿ ಬುಟ್ಟಿ ಇಟ್ಟುಕೊಂಡ.

ಇದು ಹೀಗೇ ವರ್ಷಕ್ಕೂ ಮೇಲೆ ನಡೆಯಿತು. ಒಂದು ಶ್ರಾವಣದಲ್ಲಿ ತಾಟು ತೊಳೆಯುವ ಬಚ್ಚಲಲ್ಲಿ ರೇಣವ್ವ ಜಾರಿ ಬಿದ್ದಳು. ಬಲಗೈ ಮಣಿಕಟ್ಟಿನ ಎಲುಬು ಮುರಿಯಿತು. ಕೈಗೆ ಪ್ಲಾಸ್ಟರ್ ಹಾಕಿದರು. ಖಾನಾವಳಿಯ ಬಾಗಿಲು ಮುಚ್ಚಿತು.

ಅಕ್ಕೋರು ಬೇರೆ ಜಾಗ ಹುಡುಕಿದರು. ಒಂದು ಕಡೆ ನಿಂತೇ ತಿನ್ನಬೇಕು, ತಟ್ಟೆ ಇಟ್ಟುಕೊಳ್ಳಲು ಎದೆಯೆತ್ತರದ ಕಟ್ಟೆ. ಅವರ ಮೊಣಕಾಲು ಅದಕ್ಕೆ ಒಪ್ಪಲಿಲ್ಲ. ಇನ್ನೊಂದು ಕಡೆ ಮಾಣಿ ಅವರನ್ನು ಫ್ಯಾಮಿಲಿ ರೂಮಿಗೆ ಕರೆದೊಯ್ದು ಪಡದೆ ಎಳೆದು ಹೋದವನು ಬಿಲ್ಲು ಕೊಡಲಿಕ್ಕೆ ಮಾತ್ರ ಮತ್ತೆ ಬಂದ. ಹುಬ್ಬಳ್ಳಿ ರಸ್ತೆಯ ದೊಡ್ಡ ಹೊಟೆಲ್ಲಿನಲ್ಲಿ ಕೋಟು ತೊಟ್ಟ ಹುಡುಗ, "ಎಷ್ಟು ಮಂದಿ ಮೇಡಂ?" ಎಂದು ಕೇಳಿದ. "ಒಬ್ಬಾಕಿ" ಎಂದಾಗ ಅವರ ಬೆನ್ನ ಹಿಂದೆ ಯಾರಾದರೂ ಇದ್ದಾರೆಯೇ ಎಂದು ಇಣುಕಿದ. ಊಟವೇನೋ ಚೆನ್ನಾಗಿತ್ತು. ಆದರೆ ನಾಲ್ಕು ಜನರ ಮೇಜಿಗೆ ಒಬ್ಬರೇ ಕುಳಿತು ಉಣ್ಣುವಾಗ ಅಕ್ಕೋರಿಗೆ ಅಣ್ಣನ ಮಾತು ನೆನಪಾಯಿತು. ಉಣ್ಣುವವರ ಮುಖ ನೆನಪಿಡದ ಹೊಟೆಲ್ಲೆಂದು ಅವನು ಹೇಳಿದ್ದು ಇಂಥದ್ದಕ್ಕೇ ಇರಬೇಕು ಎನಿಸಿತು.

ಮರುದಿನ ಮೋಸಂಬಿ ಹಿಡಿದುಕೊಂಡು ರೇಣವ್ವನ ಮನೆಗೆ ಹೋದರು. ಖಾನಾವಳಿಯ ಹಿಂದೆಯೇ ಎರಡು ಕೋಣೆ. ರೇಣವ್ವ ಗೋಡೆಗೆ ಒರಗಿ ಕುಳಿತಿದ್ದಳು. ಮೈಲಾರಪ್ಪ ಮುಖ ಸಣ್ಣ ಮಾಡಿಕೊಂಡು ಬೆಂಚು ಮಾರುವ ಮಾತು ತೆಗೆದ.

"ಕೈ ಏನೋ ಕೂಡತೈತ್ರಿ ಅಕ್ಕೋರ," ಎಂದಳು ರೇಣವ್ವ. "ಅಷ್ಟರಾಗ ಉಣ್ಣವರು ಬ್ಯಾರೆ ಕಡೆ ಹೊಂದಿಕೊಂಡಬಿಡ್ತಾರ. ಹೋದವರು ತಿರುಗಿ ಬರ್ತಾರೇನ್ರಿ?"

"ರೊಟ್ಟಿ ಬಡಿಯಾಕ ನಿಮ್ಮ ಪೈಕಿ ಮತ್ತ್ಯಾರೂ ಇಲ್ಲೇನು?"

ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇದ್ದಳು. ಶಿರಗುಪ್ಪಿಯಲ್ಲಿ ಮೈಲಾರಪ್ಪನ ತಮ್ಮನ ಹೆಂಡತಿ ರತ್ನವ್ವ. ಊರಲ್ಲಿ ಲಗ್ನವಿದ್ದರೆ ರೊಟ್ಟಿಗೆ ಅವಳನ್ನೇ ಕರೆಯುತ್ತಿದ್ದರು. ಆದರೆ ಮನೆ ಪಾಲಾದಾಗ ಬೀಸುವ ಕಲ್ಲು ಯಾರಿಗೆ ಎಂಬ ಮಾತಿಗೆ ಇಬ್ಬರು ನೆಗೆಣ್ಣಿಯರೂ ಮಾತು ಬಿಟ್ಟಿದ್ದರು. "ನಾ ಹೋಗಿ ಹೆಂಗ ಕೇಳಲ್ರಿ?" ಎಂದು ಮೈಲಾರಪ್ಪ ತಲೆ ತಗ್ಗಿಸಿದ.

"ನಡಿ, ನಾನೂ ಬರ್ತೀನಿ," ಎಂದರು ಅಕ್ಕೋರು.

ಬಸ್ಸು ಹಿಡಿದು ಇಬ್ಬರೂ ಶಿರಗುಪ್ಪಿಗೆ ಹೋದರು. ರತ್ನವ್ವ ಕಟ್ಟೆಯ ಮೇಲೆ ಹೆಸರುಕಾಳು ಹಸನ ಮಾಡುತ್ತಿದ್ದಳು. ಭಾವನನ್ನು ಕಂಡು ತಲೆಯ ಮೇಲೆ ಸೆರಗು ಎಳೆದುಕೊಂಡಳು. ಅಕ್ಕೋರ ಕಡೆ ತಿರುಗಿ, "ನೀವ್ಯಾರ್ರಿ?" ಎಂದು ಕೇಳಿದಳು.

"ನಾ ಅಲ್ಲಿ ಉಣ್ಣಾಕಿ," ಎಂದರು ಅಕ್ಕೋರು.

ರತ್ನವ್ವನ ಕೈ ಮೊರದಲ್ಲಿ ನಿಂತಿತು. "ಉಣ್ಣಾಕ ಬರೂ ಮಂದಿನೂ ಊರಿಗೆ ಬರ್ತಾರೇನು?"

"ಮತ್ತೇನು ಮಾಡೂದವಾ, ಹಸಿವಿ ಆಗೇದ. ನನಗ ಅಡಿಗಿ ಬರೂದಿಲ್ಲ. ನಿಮ್ಮಕ್ಕನ ಕೈ ಮುರದದ. ಅಕಿ ಉಣ್ಣಾಕೂ ಎಡಗೈಲೆ ಒದ್ದಾಡಾಕತ್ತಾಳ."

ರತ್ನವ್ವ ಕಾಳಿನಿಂದ ಎರಡು ಕಲ್ಲು ಆರಿಸಿ ಎಸೆದಳು. "ಬಲಗೈ ಏನ್ರಿ?" ಎಂದಳು. ಹೌದು ಎಂದಾಗ ಮೊರ ಕೆಳಗಿಟ್ಟು, ಒಳಗೆ ಹೋಗಿ ಚಹಾಕ್ಕೆ ಇಟ್ಟಳು. ಅವರು ಚಹಾ ಕುಡಿದು ಮುಗಿಸುವ ಹೊತ್ತಿಗೆ ಎರಡು ಸೀರೆ ಗಂಟು ಕಟ್ಟಿಕೊಂಡು ಬಂದು ನಿಂತಿದ್ದಳು.

ನೆಗೆಣ್ಣಿಯರು ಭೇಟಿಯಾದಾಗ ಯಾರೂ ಅಳಲಿಲ್ಲ. "ಹಂಚು ಇದೇನಾ?" ಎಂದಳು ರತ್ನವ್ವ. "ಎಡಕ್ಕ ಸ್ವಲ್ಪ ಉರಿ ಜಾಸ್ತಿ, ನೋಡಿಕೋ," ಎಂದಳು ರೇಣವ್ವ. ಅಷ್ಟಕ್ಕೇ ಮಾತು ಶುರುವಾಯಿತು. ಮರುದಿನ ಖಾನಾವಳಿ ತೆರೆಯಿತು. ಭುವನೇಶ್ವರಿಯ ಗೆಳತಿಯರಿಂದ ಸುದ್ದಿ ಹರಡಿ ಒಂದು ಗಂಟೆಗೆಲ್ಲ ಬೆಂಚು ತುಂಬಿತು. ರತ್ನವ್ವ ಬಡಿಯುವುದು, ಮೈಲಾರಪ್ಪ ಬೇಯಿಸುವುದು, ರೇಣವ್ವ ಕುಳಿತಲ್ಲಿಂದ ಹೇಳುವುದು. ರೊಟ್ಟಿ ಬುಟ್ಟಿಯಲ್ಲಿ ಬಿದ್ದು ಹಬೆಯಾಡುತ್ತಿದ್ದವು. ನೀಡುವವರು ಯಾರೂ ಇರಲಿಲ್ಲ. ಖಾಲಿ ತಾಟುಗಳ ಮುಂದೆ ಹುಡುಗರು ಅಡಿಗೆಮನೆಯ ಕಡೆ ನೋಡುತ್ತ ಕುಳಿತಿದ್ದರು.

ಕಿಟಕಿಯ ಪಕ್ಕದ ಮೇಜಿನಿಂದ ಅಕ್ಕೋರು ಎದ್ದು ಬುಟ್ಟಿ ಎತ್ತಿಕೊಂಡರು.

ಮೊದಲ ದಿನ ಅವರಿಗೆ ಅಳತೆ ತಿಳಿಯಲಿಲ್ಲ. ಒಬ್ಬನ ಅಂಗಿ ತೋಳಿಗೆ ಸಾರು ಬಿತ್ತು. ಒಬ್ಬನಿಗೆ ಎರಡು ಸಲ ಚಟ್ನಿ ಹಾಕಿ ಪಕ್ಕದವನಿಗೆ ಮರೆತರು. ಆದರೆ ಎಷ್ಟೋ ವರ್ಷ ಬೆಂಜಮಿನ್ ನೀಡುವುದನ್ನು ಕುಳಿತು ಕಂಡಿದ್ದರಲ್ಲ. ಅವನು ಬೇಕೇನೆಂದು ಕೇಳುತ್ತಿರಲಿಲ್ಲ, ತಾಟು ನೋಡುತ್ತಿದ್ದ. ಅಕ್ಕೋರೂ ತಾಟು ನೋಡಲು ಕಲಿತರು. ಪಲ್ಯವನ್ನು ಅಂಚಿಗೆ ಸರಿಸಿದವನಿಗೆ ಮೊಸರು, ರೊಟ್ಟಿ ಮುರಿದು ಕುಳಿತವನಿಗೆ ಬದನೆಕಾಯಿಯ ರಸ. ವಾರ ಕಳೆಯುವಷ್ಟರಲ್ಲಿ ಯಾವ ಹುಡುಗನಿಗೆ ಮಜ್ಜಿಗೆ ಬೇಡ, ಇವತ್ತು ಯಾರ ಮುಖ ಬಾಡಿದೆ ಎಂಬುದು ತಿಳಿಯತೊಡಗಿತು. ಸಂಜೆ ಕಾಲು ನೋಯುತ್ತಿದ್ದವು. ನಿದ್ದೆ ಚೆನ್ನಾಗಿ ಬರುತ್ತಿತ್ತು.

ಸುದ್ದಿ ಚರ್ಚಿಗೆ ಮುಟ್ಟಲು ತಡವಾಗಲಿಲ್ಲ. ಫ್ಲೋರೆನ್ಸ್ ಖಾನಾವಳಿಯಲ್ಲಿ ಉಣ್ಣುತ್ತಾಳೆ ಎಂಬುದನ್ನೇ ಕೆಲವರು ನುಂಗಿಕೊಂಡಿರಲಿಲ್ಲ. ಈಗ ನೀಡುತ್ತಾಳಂತೆ ಎಂಬ ಮಾತು ನವನಗರದವರೆಗೆ ಹೋಯಿತು. ಶನಿವಾರ ರಜೆಯಿದ್ದ ಏಂಜೆಲ್ ಗಂಡ ಬೆನ್ನಿಯನ್ನು ಕರೆದುಕೊಂಡು ಸೀದಾ ಖಾನಾವಳಿಗೇ ಬಂದಳು. ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ರೊಟ್ಟಿ ಬುಟ್ಟಿ ಹಿಡಿದು, ಬೆಂಚಿನ ನಡುವೆ ನಿಂತಿದ್ದರು.

"ಅತ್ತಿ."

"ಬಂದ್ಯಾ? ಅಲ್ಲಿ ಜಾಗ ಅದ, ಕುಂದರ್ರಿ ಇಬ್ಬರೂ."

ಏಂಜೆಲ್ ಕುಳಿತಳು. ಅತ್ತೆ ಹತ್ತಿರ ಬಂದಾಗ ದನಿ ತಗ್ಗಿಸಿ ಅಂದಳು. "ಏನಿದು ಅತ್ತಿ? ನಿನಗೇನು ಪೆನ್ಶನ್ ಇಲ್ಲೇನು? ನಾವಿಲ್ಲೇನು? ಮಂದಿ ಏನಂತಾರ?"

"ಮಂದಿ ಇನ್ನೊಂದು ರೊಟ್ಟಿ ಅಂತಾರ," ಎಂದರು ಅಕ್ಕೋರು.

ಬೆನ್ನಿ ತಡೆಯಲಾರದೆ ನಕ್ಕುಬಿಟ್ಟ. ಏಂಜೆಲ್ ಅವನತ್ತ ಕಣ್ಣು ಬಿಟ್ಟಳು. ಅಷ್ಟರಲ್ಲಿ ಅಕ್ಕೋರು ಇಬ್ಬರ ಮುಂದೂ ತಾಟು ಇಟ್ಟು, ಬಿಸಿ ರೊಟ್ಟಿಯೊಂದನ್ನು ಮುರಿದು ಇಬ್ಬರಿಗೂ ಅರ್ಧರ್ಧ ಹಾಕಿ, ಎಣ್ಣೆಗಾಯಿ ನೀಡಿ, ಅದರ ಮೇಲೆ ಒಂದು ಚಮಚ ಎಣ್ಣೆ ಬಿಟ್ಟರು. ಬೆಣ್ಣೆಯ ಮುದ್ದೆಯನ್ನು ಏಂಜೆಲ್‌ಳ ರೊಟ್ಟಿಯ ಮೇಲಿಟ್ಟು, "ಲಗೂ ತಿನ್ನು, ಆರಿದರ ರುಚಿ ಹೋಗ್ತದ," ಎಂದು ಮುಂದಿನ ಮೇಜಿಗೆ ಹೋದರು.

ಮರಳಿ ಬಂದು ನೋಡಿದರೆ ಏಂಜೆಲ್ ತುತ್ತು ಕೈಯಲ್ಲಿ ಹಿಡಿದು ಹಾಗೇ ಕುಳಿತಿದ್ದಳು. ಕಣ್ಣು ಒದ್ದೆಯಾಗಿತ್ತು.

"ಖಾರ ಆತೇನ?"

"ಇಲ್ಲತ್ತಿ." ಏಂಜೆಲ್ ಮೂಗು ಒರಸಿಕೊಂಡಳು. "ನೀ ನನಗ ಎಂದರ ನೀಡಿದ್ದಿ? ಕ್ರಿಸ್ಮಸ್‌ಗೆ ಬಂದಾಗ ನಮ್ಮ ಸಾಲಿನ್ಯಾಗ ನೀನೂ ಕುಂತಿರ್ತಿದ್ದಿ. ದೊಡ್ಡಪ್ಪನ ಎಲ್ಲಾರಿಗೂ ನೀಡ್ತಿದ್ದ."

ಅಕ್ಕೋರು ಬುಟ್ಟಿ ಮೇಜಿನ ಮೇಲೆ ಇಟ್ಟರು. ಇದು ಅವರಿಗೂ ಹೊಳೆದಿರಲಿಲ್ಲ. "ಅವ ಎಲ್ಲಿ ಬಿಟ್ಟಾನವಾ?" ಎಂದರು. "ಬಿಟ್ಟಿದ್ದರ ನನಗೂ ಗೊತ್ತಾಗ್ತಿತ್ತು, ನೀಡೂದ್ರಾಗ ಎಷ್ಟು ಸುಖ ಅದ ಅಂತ. ಎಲ್ಲಾ ತಾನ ಇಟಗೊಂಡಿದ್ದ ಅವ."

ಏಂಜೆಲ್ ಅಳುತ್ತಲೇ ನಕ್ಕಳು. ಎರಡನೆಯ ರೊಟ್ಟಿ ಹಾಕಿಸಿಕೊಂಡಳು. ಒಳಗಿಂದ ರೇಣವ್ವ ಪ್ಲಾಸ್ಟರಿನ ಕೈ ಎದೆಗೆ ಹಿಡಿದು ಬಂದು, "ನೀವ ಏಂಜೆಲ್‌ಬಾಯಾರೇನ್ರಿ? ಅಕ್ಕೋರು ದಿನಾ ನಿಮ್ಮ ಸುದ್ದಿ ಹೇಳ್ತಾರ್ರಿ," ಎಂದಳು. ಕೈ ತೊಳೆಯುವಾಗ ಅಕ್ಕೋರು ಏಂಜೆಲ್‌ಳ ಪಕ್ಕದಲ್ಲಿ ನಿಂತು ಮೆಲ್ಲಗೆ ಹೇಳಿದರು. "ನಿಮ್ಮನಿಗಿ ಬರೂದಿಲ್ಲ ಅಂತಲ್ಲ. ಭಾನುವಾರ ಬರ್ತೀನಿ, ಆ ಖೋಲಿಯಾಗ ಮಲಗ್ತೀನಿ. ಉಳಿದ ದಿನ ನನ್ನ ಊಟ ಇಲ್ಲೇ ಅದ."

"ಆತು ಬಿಡತ್ತಿ," ಎಂದಳು ಏಂಜೆಲ್. "ಆದ್ರ ಮೊಣಕಾಲಿಗೆ ಪಟ್ಟಿ ಹಾಕ್ಕೊಂಡು ನಿಂದರು."

ದಸರೆ ಮುಗಿಯುವಷ್ಟರಲ್ಲಿ ರೇಣವ್ವನ ಕೈ ಕೂಡಿತು. ರತ್ನವ್ವ ಊರಿಗೆ ಮರಳಿದಳು. ಈಗ ಸುಗ್ಗಿ ಮುಗಿದ ಮೇಲೆ ಎರಡು ತಿಂಗಳು ಬಂದು ಇರುತ್ತಾಳೆ. ಬೀಸುವ ಕಲ್ಲಿನ ಮಾತು ಬಂದರೆ ನೆಗೆಣ್ಣಿಯರು ಈಗಲೂ ಜಗಳಾಡುತ್ತಾರೆ, ಆದರೆ ಒಂದೇ ಒಲೆಯ ಮುಂದೆ ಕುಳಿತು. ಅಕ್ಕೋರು ಮತ್ತೆ ಕಿಟಕಿಯ ಪಕ್ಕ ಕುಳಿತು ಉಣ್ಣುತ್ತಾರೆ. ರಜೆಯ ದಿನ ಪ್ರವಾಸಿಗಳು ಪೇಡೆಯ ಡಬ್ಬಿ ಹಿಡಿದು ರೊಟ್ಟಿ ಊಟ ಎಲ್ಲಿ ಎಂದು ಕೇಳುತ್ತ ಬಂದಾಗ ಮಾತ್ರ ಮಜ್ಜಿಗೆಯ ತಂಬಿಗೆ ಹಿಡಿದು ಏಳುತ್ತಾರೆ. ರೇಣವ್ವ ಬೇಡವೆಂದರೂ ಕೇಳುವುದಿಲ್ಲ.

ಅಡಿಗೆ ಅವರಿಗೆ ಇನ್ನೂ ಬಂದಿಲ್ಲ. ಏಂಜೆಲ್ ಫೋನಿನಲ್ಲಿ ಉಪ್ಪಿಟ್ಟು ಕಲಿಸಲು ಹೋಗಿ ಎರಡು ಸಲ ಸೋತಳು. ಅದರ ಬದಲು ಅಕ್ಕೋರಿಗೆ ಹೊರಗೆ ತಿನ್ನುವ ರುಚಿ ಹತ್ತಿತು. ಒಂದು ಬುಧವಾರ ಚರ್ಚಿನಲ್ಲಿ ಹಾಡಿನ ಅಭ್ಯಾಸ ಮುಗಿದ ಮೇಲೆ, ಮೋಡ ಕವಿದು ಗಾಳಿ ತಣ್ಣಗಾಗಿತ್ತು. ಅಕ್ಕೋರು ಜೊತೆಗಿದ್ದ ಹೆಂಗಸರಿಗೆ, "ನಡೀರಿ, ಗಿರ್ಮಿಟ್ ತಿನ್ನೂಣು," ಎಂದರು. ಹೆಂಗಸರು ಹಿಂದೆಮುಂದೆ ನೋಡಿದರು. ಹಿಂದೆ ಏಂಜೆಲ್‌ಗೆ ಸುದ್ದಿ ಮುಟ್ಟಿಸಿದವರೂ ಅವರಲ್ಲಿದ್ದರು. ಕೊನೆಗೆ ಎಲ್ಲರೂ ಹಾಡಿನ ಪುಸ್ತಕ ಚೀಲಕ್ಕೆ ಹಾಕಿಕೊಂಡು ಅವರ ಹಿಂದೆ ನಡೆದರು. ರಸ್ತೆ ಬದಿ ಗಿರ್ಮಿಟ್ ಮಾರುವ ಉಸ್ಮಾನಸಾಬನ ಗಾಡಿಯ ಮುಂದೆ ಸಾಲಾಗಿ ನಿಂತು ಚುರುಮುರಿ ಗಿರ್ಮಿಟ್ ತಿಂದರು, ಬಿಸಿ ಮಿರ್ಚಿ ಭಜಿ ಕಚ್ಚಿ ಬಾಯಿಗೆ ಗಾಳಿ ಬೀಸಿಕೊಂಡರು. ಎಲ್ಲರಿಗಿಂತ ಹೆಚ್ಚು ಸಂಕೋಚಪಟ್ಟವರು ಪಾಸ್ಟರ ಹೆಂಡತಿ. ಅವರು ಎರಡು ಮಿರ್ಚಿ ತಿಂದು, ಇನ್ನೆರಡನ್ನು ಪಾಸ್ಟರಿಗೆಂದು ಕಟ್ಟಿಸಿಕೊಂಡು, ದಾರಿಯಲ್ಲಿ ಅದರಲ್ಲೊಂದನ್ನು ತಾವೇ ತಿಂದರು.